ನೆಲದಡಿಯ ಆರು ತೊಲೆಗಳು

ನೆದರ್ಲೆಂಡ್ಸಿನಲ್ಲಿ ಹಳೆಯ ಮನೆ ಕೊಳ್ಳಲು ಹೋದರೆ ಮೊದಲು ಅಡುಗೆಮನೆ ನೋಡಬೇಡಿ, ಬಚ್ಚಲನ್ನೂ ನೋಡಬೇಡಿ. ಮುಂಬಾಗಿಲ ಒಳಗೆ ಹಾಸಿರುವ ಡೋರ್‌ಮ್ಯಾಟ್ ಎತ್ತಿ. ಅದರ ಕೆಳಗೆ ಒಂದು ಹಲಗೆಯ ಮುಚ್ಚಳ ಇರುತ್ತದೆ. ತೆಗೆದರೆ ತೆವಳಿಕೊಂಡು ಹೋಗುವಷ್ಟು ಜಾಗ, ಒದ್ದೆ ಮರಳು, ಪೈಪುಗಳು, ಮತ್ತು ನೆಲದ ಹಲಗೆಗಳನ್ನು ಹೊತ್ತ ತೊಲೆಗಳು. ಮನೆ ಮಾರುವವರು ಗೋಡೆಗೆ ಬಣ್ಣ ಹೊಡೆಸುತ್ತಾರೆ, ಮೇಜಿನ ಮೇಲೆ ಟುಲಿಪ್ ಇಡುತ್ತಾರೆ. ತೊಲೆಗಳಿಗೆ ಯಾರೂ ಸಿಂಗಾರ ಮಾಡುವುದಿಲ್ಲ. ಮನೆಯ ನಿಜವಾದ ವಯಸ್ಸು ತಿಳಿಯುವುದು ಅಲ್ಲಿ.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದಿದ್ದಲ್ಲ. ಬೆಂಗಳೂರಿನಲ್ಲಿ ಇಪ್ಪತ್ತೊಂದನೆಯ ವಯಸ್ಸಿಗೆ, ಹಳೇ ಮನೆ ಕೆಡವುವ ಕಂಟ್ರಾಕ್ಟರ್ ಒಬ್ಬರ ಅಂಗಳದ ಮೂಲೆಯೊಂದನ್ನು ಬಾಡಿಗೆಗೆ ಹಿಡಿದು, ಹಳೇ ಬಾಗಿಲು, ಕಿಟಕಿ, ತೊಲೆ ಮಾರುವ ಅಂಗಡಿ ಇಟ್ಟವಳು ನಾನು. ಹೆಣ್ಣುಮಗಳು ಮರದ ಮಂಡಿಯಲ್ಲಿ ಕೂರುವುದೇ ಎಂದು ಅಮ್ಮಿ ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಗೆದ್ದಲು ತಿಂದ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಬಡಿದೇ ಹೇಳುವುದನ್ನು ಅಲ್ಲೇ ಕಲಿತೆ. ಮದುವೆಯಾಗಿ ಇಲ್ಲಿಯ ಎನ್ಸ್‌ಕೆಡೆ ಊರಿಗೆ ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಂದ ಕುರ್ಚಿ, ಬೀರು ತಂದು, ಉಜ್ಜಿ, ಪಾಲಿಶ್ ಮಾಡಿ ಮಾರತೊಡಗಿದೆ. ನನ್ನ ಗಂಡ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿದ್ದಾರೆ. ಅವರು ಮೀಟರ್ ತೋರಿಸಿದ್ದನ್ನು ನಂಬುತ್ತಾರೆ, ನಾನು ಬೆರಳಿಗೆ ಸಿಕ್ಕಿದ್ದನ್ನು ನಂಬುತ್ತೇನೆ.

ಕೊರೊನಾದ ಎರಡನೆಯ ವಸಂತದಲ್ಲಿ ನಾವು ಮನೆ ಹುಡುಕುತ್ತಿದ್ದದ್ದು ಆಸೆಗಲ್ಲ, ಅವಸರಕ್ಕೆ. ನಮ್ಮ ಬಾಡಿಗೆ ಕರಾರು ಜುಲೈ ಕೊನೆಗೆ ಮುಗಿಯುತ್ತಿತ್ತು. ಮನೆ ಮಾಲೀಕ ಮುಂದುವರಿಸುವುದಿಲ್ಲ ಎಂದು ಕಾಗದ ಕಳಿಸಿದ್ದ. ಇಬ್ಬರು ಮಕ್ಕಳು, ಅವರ ಶಾಲೆ, ನಡುಮನೆಯ ತುಂಬ ನನ್ನ ಅರೆಬರೆ ಪಾಲಿಶಿನ ಬೀರುಗಳು. ಇಷ್ಟನ್ನೂ ಕಟ್ಟಿಕೊಂಡು ಆಗಸ್ಟ್ ಒಂದಕ್ಕೆ ಎಲ್ಲಿ ನಿಲ್ಲುವುದು? ಬಾಡಿಗೆಗೆ ಬೇರೆ ಮನೆ ಸಿಗುತ್ತಿರಲಿಲ್ಲ. ಕೊಳ್ಳಲು ಹೋದರೆ, ಒಂದೊಂದು ಮನೆಗೂ ಜನ ಕೇಳಿದ ಬೆಲೆಗಿಂತ ಮೇಲೆ ಬರೆದು ಕೊಡುತ್ತಿದ್ದರು. ನಾಲ್ಕು ಮನೆ ಕೈತಪ್ಪಿದವು.

"ಎಲ್ರೂ ಇನ್ಸ್‌ಪೆಕ್ಷನ್ ಬೇಡ ಅಂತ ಬರ್ದು ಆಫರ್ ಕೊಡ್ತಿದ್ದಾರೆ ಕಣೇ. ನಾವೂ ಬಿಟ್ಬಿಡೋಣ," ಎಂದರು ನನ್ನ ಗಂಡ.

"ಬಿಡ್ರಿ, ಅದಕ್ಕೇನಂತೆ. ನಾಳೆ ಸೋಫಾ ಸಮೇತ ನೆಲದೊಳಗೆ ಇಳಿದಾಗ ನಿಮ್ಮ ಲ್ಯಾಬಿಂದ ಕ್ರೇನ್ ತರ್ಸಿ."

ಐದನೆಯದು ಸಾಲುಮನೆಗಳ ಬೀದಿಯಲ್ಲಿ ತೊಂಬತ್ತು ವರ್ಷ ಹಳೆಯ ಇಟ್ಟಿಗೆ ಮನೆ. ಮಾಲೀಕರು ಎಂಬತ್ತು ದಾಟಿದ ಅಜ್ಜ. ಹೆಂಡತಿ ತೀರಿಕೊಂಡ ಮೇಲೆ, ಮೆಟ್ಟಿಲಿಲ್ಲದ ಸಣ್ಣ ಫ್ಲ್ಯಾಟಿಗೆ ಹೋಗಲು ಹೊರಟಿದ್ದರು. ನಮ್ಮದಲ್ಲದೆ ಇನ್ನೊಂದೇ ಆಫರ್ ಇತ್ತು, ಮನೆಯನ್ನು ಸೀಳಿ ವಿದ್ಯಾರ್ಥಿಗಳಿಗೆ ರೂಮು ಮಾಡುವ ಬಿಲ್ಡರನದು. ಅವನಿಗೆ ಪರೀಕ್ಷೆಯೂ ಬೇಡ, ಷರತ್ತೂ ಬೇಡ. ಆದರೂ ಅಜ್ಜ ಮಕ್ಕಳಿರುವವರಿಗೇ ಕೊಡುತ್ತೇನೆಂದು ನಮ್ಮನ್ನು ಆರಿಸಿದರು. ತಪಾಸಣೆ ಮುಗಿದ ಮೇಲೆ ಸಹಿ ಎಂದು ಮಾತಾಯಿತು. ಗಮನವಿಟ್ಟು ಕೇಳಿ, ಇಲ್ಲಿ ಮನೆ ವ್ಯಾಪಾರದಲ್ಲಿ ಸಹಿ ಬೀಳುವವರೆಗೆ ಬಾಯಿಮಾತು ಯಾರನ್ನೂ ಕಟ್ಟಿಹಾಕುವುದಿಲ್ಲ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಎಡವಿದೆ.

ತಪಾಸಣೆಯ ದಿನ ಕೊರೊನಾ ನಿಯಮವೆಂದು ಕೊಳ್ಳುವವರಲ್ಲಿ ಒಬ್ಬರಿಗಷ್ಟೇ ಒಳಗೆ ಪ್ರವೇಶ. ನನ್ನ ಗಂಡ ಹೊರಗೆ ಕಿಟಕಿಗೆ ಮೂಗು ಒತ್ತಿ ನಿಂತರು. ನಾವು ಗೊತ್ತುಮಾಡಿದ್ದ ಪರೀಕ್ಷಕ ಆರೂಕಾಲು ಅಡಿಯ ಆಳು. ಡೋರ್‌ಮ್ಯಾಟ್ ಸರಿಸಿ, ಮುಚ್ಚಳದೊಳಗೆ ಸೊಂಟದವರೆಗೆ ಇಳಿದು, ಟಾರ್ಚ್ ಆಡಿಸಿ, "ಕಂಡಷ್ಟು ಕಂಡಿತು," ಎಂದ. ನನಗೆ ಅಷ್ಟು ಸಾಲಲಿಲ್ಲ. ಅವನ ಗಾಡಿಯಲ್ಲಿದ್ದ ಇನ್ನೊಂದು ಓವರಾಲ್ ಕೇಳಿ ಪಡೆದು ತೊಟ್ಟು, ಅದರ ಉದ್ದ ತೋಳು-ಕಾಲು ಮಡಚಿಕೊಂಡು, ಮಾಸ್ಕ್ ಸಮೇತ ಮರಳ ಮೇಲೆ ತೆವಳಿದೆ.

ಆರು ತೊಲೆ. ಆರರಲ್ಲೂ ಗುಂಡುಪಿನ್ನಿನ ತಲೆಯಷ್ಟು ತೂತುಗಳು.

ಗೆದ್ದಲಲ್ಲ, ಅದು ನೋಡಿದ ಕೂಡಲೇ ತಿಳಿಯಿತು. ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ಇದು ಕುಟ್ಟೆ ಹುಳ, ಮರದೊಳಗೇ ವರ್ಷಗಟ್ಟಲೆ ಇದ್ದು, ಕೊನೆಗೆ ದುಂಡಗೆ ತೂತು ಕೊರೆದು ಹೊರಬೀಳುವ ಜಾತಿ. ತೂತು ಇದೆ ಎಂದರೆ ಹುಳ ಹೊರಟುಹೋಗಿದೆ ಎಂದಷ್ಟೇ ಅರ್ಥ. ಹಿಂದಿನ ವರ್ಷ ಹೋಯಿತೋ, ಮೂವತ್ತು ವರ್ಷದ ಹಿಂದೆ ಹೋಯಿತೋ, ಒಳಗೆ ಅದರ ಸಂಸಾರ ಉಳಿದಿದೆಯೋ, ಬರೇ ತೂತು ನೋಡಿ ಯಾರೂ ಹೇಳಲಾರರು.

ಜಗಳ ಹುಟ್ಟಿದ್ದು ಅಲ್ಲೇ. ನಮ್ಮ ಪರೀಕ್ಷಕ "ಹುಳ ಜೀವಂತ ಇರಬಹುದು, ಇಲ್ಲದಿರಬಹುದು" ಎಂದು ಬರೆದ. ಅಜ್ಜನ ಕಡೆಯ ಮಾಕೆಲಾರ್, ಅಂದರೆ ಮನೆ ಮಾರಿಸಿಕೊಡುವ ಏಜೆಂಟ್, "ಇವೆಲ್ಲ ಹಳೇ ತೂತು, ಈ ಬೀದಿಯ ಎಲ್ಲ ಮನೆಯಲ್ಲೂ ಇವೆ," ಎಂದ. ಮರುದಿನ ನಾವು ಕರೆಸಿದ, ಔಷಧಿ ಹೊಡೆಯುವ ಕಂಪನಿಯವನು ಬಂದು ಹತ್ತು ನಿಮಿಷ ಇಣುಕಿ, ಇಡೀ ನೆಲ ಎಬ್ಬಿಸಿ ಆರೂ ತೊಲೆಗೆ ಔಷಧಿ ಹೊಡೆಯಬೇಕು ಎಂದು ಖರ್ಚಿನ ಪಟ್ಟಿ ಕೊಟ್ಟ. ಔಷಧಿ ಮಾರುವವನನ್ನು ಔಷಧಿ ಬೇಕೇ ಎಂದು ಕೇಳುವುದು ನಮ್ಮದೇ ದಡ್ಡತನ. ಆದರೂ ಆ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಚೌಕಾಸಿಗೆ ಕಾಗದವೊಂದು ಕೈಯಲ್ಲಿದ್ದರೆ ಒಳ್ಳೆಯದು.

ಆಗ ಅಜ್ಜ ಹಿತ್ತಿಲಿನಲ್ಲಿ ಕೋಟು ತೊಟ್ಟು ಕೂತಿದ್ದರು. ಜನ ಬಂದಾಗ ಒಳಗಿರಲು ಅವರಿಗೆ ಭಯ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಲೋಟವನ್ನು ಮೇಜಿನ ತುದಿಗೆ ತಳ್ಳಿ, "ಹೇಗಿದೆ ನಮ್ಮ ಮನೆ?" ಎಂದು ಕೇಳಿದರು.

ನಾನು ಮಂಡಿಯಲ್ಲಿ ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದೆ. ಸರಕು ಮನಸ್ಸಿಗೆ ಹಿಡಿದಿದ್ದರೆ ಮುಖ ಸಪ್ಪೆ ಮಾಡಿಕೊಳ್ಳಬೇಕು. ತಪ್ಪು ಎತ್ತಿ ಎತ್ತಿ ಹೇಳಬೇಕು. ಮಾರುವವನು "ಅಯ್ಯೋ ಅಕ್ಕಾ, ಹಾಗನ್ಬೇಡಿ" ಎನ್ನುತ್ತಾನೆ, ನಾವು ಎರಡು ಹೆಜ್ಜೆ ಹೊರಗೆ ಇಡುತ್ತೇವೆ, ಅವನು ಕರೆಯುತ್ತಾನೆ, ವ್ಯಾಪಾರ ಕುದುರುತ್ತದೆ. ನನ್ನ ಅರೆಬರೆ ಡಚ್ಚಿನಲ್ಲಿ ಶುರು ಮಾಡಿದೆ. ತೊಲೆಗಳು ಜರಡಿಯಾಗಿವೆ ಎಂದೆ. ಇಂಥ ನೆಲದ ಮೇಲೆ ಮಕ್ಕಳನ್ನು ಆಡಲು ಬಿಡಲು ಹೆದರಿಕೆ ಎಂದೆ. ನೆಲವನ್ನು ಯಾರೂ ಸರಿಯಾಗಿ ನೋಡಿಕೊಂಡಿಲ್ಲ ಎಂದೂ ಹೇಳಿದೆ. ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಲೋಟ ಕೆಳಗಿಟ್ಟು, ಎದ್ದು ಎರಡು ಹೆಜ್ಜೆ ನಡೆದೆ.

ಯಾರೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಮಾಕೆಲಾರ್ ಫೋನು ಮಾಡಿದ. "ಮನೆ ನಿಮಗೆ ಹಿಡಿಸಲಿಲ್ಲವೆಂದು ಯಜಮಾನರು ಹೇಳಿದರು. ಪರವಾಗಿಲ್ಲ, ಸಹಿ ಆಗಿಲ್ಲವಲ್ಲ. ಬಿಲ್ಡರ್ ನಾಳೆ ಸಂಜೆ ಬರುತ್ತಾರೆ. ಹುಡುಕಾಟಕ್ಕೆ ಶುಭವಾಗಲಿ."

ಸ್ಪೀಕರಿನಲ್ಲಿ ಕೇಳಿಸಿಕೊಂಡ ನನ್ನ ಗಂಡ ಚಹಾ ಲೋಟ ಹಿಡಿದು ಹಾಗೇ ನಿಂತರು. "ಏನಂದೆ ನೀನು ಅವ್ರಿಗೆ?"

"ಏನಿಲ್ಲ. ಚೌಕಾಸಿ ಮಾಡ್ದೆ."

"ಚೌಕಾಸಿ ಅಲ್ಲ ಅದು. ಮನೆ ಚೆನ್ನಾಗಿಲ್ಲ ಅಂದ್ರೆ ಇವ್ರಿಗೆ ಮನೆ ಚೆನ್ನಾಗಿಲ್ಲ ಅಂತಾನೇ ಅರ್ಥ. ಪಾಪ, ನಿನ್ನ ಮಾತಿಗೆ ಮರ್ಯಾದೆ ಕೊಟ್ಟು ಬಿಟ್ಟುಕೊಟ್ಟಿದ್ದಾರೆ!"

"ಬೇಕು ಅಂದ್ಬಿಟ್ರೆ ತಲೆ ಮೇಲೆ ಕೂರಲ್ವಾ?"

"ಈಗ ಜುಲೈ ತಲೆ ಮೇಲೆ ಕೂತಿದೆಯಲ್ಲ, ಅದನ್ನ ಇಳಿಸು ನೋಡೋಣ."

ತಪ್ಪು ಮಾಡಿದಾಗ ಅಳುತ್ತ ಕೂತರೆ ಆಗುವ ವ್ಯಾಪಾರವೂ ಆಗುವುದಿಲ್ಲ. ಬಿಲ್ಡರ್ ಬರುವುದು ನಾಳೆ ಸಂಜೆ ತಾನೇ? ಸೈಕಲ್ ಹತ್ತಿದೆ. ಅಜ್ಜ ಮನೆಯ ಮುಂದಿನ ಪೊದೆಯನ್ನು ಕತ್ತರಿಸುತ್ತಿದ್ದರು. ನಾನು ಗೇಟಿನಾಚೆಯೇ ನಿಂತೆ. ಮಾಸ್ಕ್ ಹಾಕಿಕೊಂಡಿದ್ದರಿಂದ ಜೋರಾಗಿ ಹೇಳಬೇಕಾಯಿತು.

"ನನಗೆ ಈ ಮನೆ ಬೇಕು!"

ಅವರು ಕತ್ತರಿ ಇಳಿಸಿದರು. "ನಿನ್ನೆ ಬೇಡ ಎಂದಿರಲ್ಲ?"

"ಬೇಡ ಅನ್ನಲಿಲ್ಲ. ತಪ್ಪು ಎತ್ತಿ ಹೇಳಿದೆ, ಅಷ್ಟೇ. ನಮ್ಮೂರಿನಲ್ಲಿ ಬೇಡದವರು ತುಂಬ ಚೆನ್ನಾಗಿದೆ ಎಂದು ಹೇಳಿ ಹೊರಟುಬಿಡುತ್ತಾರೆ. ಬೇಕಾದವರು ಮಾತ್ರ ನಿಂತು ಹೆಸರಿಡುತ್ತಾರೆ."

ಅವರು ಕತ್ತರಿಗೆ ಅಂಟಿದ ಎಲೆ ಕೊಡವಿದರು. "ಹಾಗಾದರೆ ನಿಮ್ಮಲ್ಲಿ ಮದುವೆಗೆ ಹೆಣ್ಣು ಕೇಳುವುದು ಹೇಗೆ?"

"ಅದೂ ಹೀಗೇ. ನನ್ನ ಅತ್ತೆ ನನ್ನ ಎತ್ತರಕ್ಕೆ ಹೆಸರಿಟ್ಟರು, ಬಣ್ಣಕ್ಕೆ ಹೆಸರಿಟ್ಟರು, ಆಮೇಲೆ ದಿನ ಗೊತ್ತು ಮಾಡಿದರು."

ಅವರು ನಕ್ಕರು, ಆದರೆ ಪೂರ್ತಿ ನಗಲಿಲ್ಲ. "ಬೆಲೆಯ ಮಾತು ಬಿಡಿ. ನೆಲವನ್ನು ಯಾರೂ ನೋಡಿಕೊಂಡಿಲ್ಲ ಎಂದಿರಿ. ಆ ತೊಲೆಗಳಿಗೆ ಮೊಣಕಾಲೂರಿ ಔಷಧಿ ಬಳಿದವನು ನಾನು, ಟಾರ್ಚ್ ಹಿಡಿದವಳು ನನ್ನ ಹೆಂಡತಿ. ಎರಡು ಬೇಸಿಗೆ. ಅಲ್ಲಿ ಜೀವಂತ ಹುಳ ಇಲ್ಲ."

ಅವರಿಗೆ ನೋವಾದದ್ದು ಎಲ್ಲಿ ಎಂದು ನನಗೆ ಆಗ ತಿಳಿಯಿತು. ಕ್ಷಮೆ ಕೇಳಿದೆ. ಕೇಳಿದೆನೆಂದು ಕಣ್ಣುಮುಚ್ಚಿ ಸಹಿ ಹಾಕುವ ಹೆಣ್ಣು ನಾನಲ್ಲ. ಅಂಗಡಿಯಲ್ಲಿ ಹಳೇ ಬಾಗಿಲು ಬಂದರೆ ನಾವು ಮಾಡುತ್ತಿದ್ದ ಉಪಾಯವನ್ನು ಅವರ ಮುಂದಿಟ್ಟೆ. ತೂತುಗಳನ್ನು ಬ್ರಷ್ಷಿನಿಂದ ಉಜ್ಜಿ, ಮೇಲೆ ತೆಳು ಕಾಗದ ಬಿಗಿಯಾಗಿ ಅಂಟಿಸುವುದು, ಅಷ್ಟೇ. ಒಳಗೆ ಹುಳ ಇದ್ದರೆ ಹೊರಬರುವಾಗ ಕಾಗದವನ್ನೂ ಕೊರೆಯುತ್ತದೆ. ಈ ದೇಶದಲ್ಲಿ ಅವು ಹೊರಬೀಳುವುದು ಬೇಸಿಗೆಯಲ್ಲಿ, ಅಂದರೆ ಮೇ ತಿಂಗಳಿನಿಂದಾಚೆ, ಎಂದು ಪರೀಕ್ಷಕ ಹೇಳಿದ್ದ. ಆಗಿನ್ನೂ ಏಪ್ರಿಲ್. ಕೀಲಿ ಕೈಸೇರುವುದು ಜುಲೈ ಮಧ್ಯಕ್ಕೆ.

"ಕಾಗದ ಹಾಗೇ ಉಳಿದ ತೊಲೆಯ ಬಗ್ಗೆ ನಾನು ಚಕಾರ ಎತ್ತುವುದಿಲ್ಲ," ಎಂದೆ. "ತೂತು ಬಿದ್ದ ತೊಲೆಗೆ ನೀವು ಔಷಧಿ ಹೊಡೆಸಿಕೊಡಿ. ಬೆಲೆ ಒಪ್ಪಿದ್ದೇ ಇರಲಿ."

"ತೂತು ಬೀಳುವುದಿಲ್ಲ," ಎಂದರು ಅಜ್ಜ.

"ಹಾಗಿದ್ದರೆ ಬರೆದುಕೊಡಲು ನಿಮಗೇನು ಕಷ್ಟ?"

ಅದಕ್ಕೆ ಅವರು ಪೂರ್ತಿ ನಕ್ಕರು.

ಮಾಕೆಲಾರ್ ಗೊಣಗಿದ. ಕರಾರಿನ ಫಾರ್ಮಿನಲ್ಲಿ ಹುಳಕ್ಕೆ ಕಾಗದ ಅಂಟಿಸುವ ಕಲಮು ಇಲ್ಲವಂತೆ. "ಕೊನೆಯ ಪುಟದಲ್ಲಿ ಖಾಲಿ ಜಾಗ ಇದೆಯಲ್ಲ, ಅಲ್ಲಿ ಬರಿ," ಎಂದರು ಅಜ್ಜ. ಬಿಲ್ಡರನಿಗೆ ಬರಬೇಡ ಎಂದು ಮಾಕೆಲಾರನಿಂದಲೇ ಫೋನು ಮಾಡಿಸಿದರು. ಆ ವಾರವೇ ಸಹಿ ಹಾಕಿ, ಮರುದಿನ ನಾನು ಕೆಳಗಿಳಿದೆ. ನಮ್ಮಲ್ಲಿ ಮೈದಾ ಅಂಟು, ಇಲ್ಲಿ ವಾಲ್‌ಪೇಪರಿನ ಅಂಟು. ಪ್ರತಿ ಕಾಗದದ ಅಂಚಿಗೂ ಮೊದಲೇ ಅವರ ಸಹಿ, ನನ್ನ ಸಹಿ ಹಾಕಿಸಿದ್ದೆ. ಇದು ಅಪನಂಬಿಕೆಯಲ್ಲ. ಕೀಲಿ ಕೈಸೇರುವಾಗ ಯಾರೂ ಯಾರನ್ನೂ ಅನುಮಾನಿಸಬಾರದೆಂದರೆ, ಶುರುವಿನಲ್ಲಿ ಅಷ್ಟು ನಾಚಿಕೆ ಬಿಡಬೇಕು. ನೀವೂ ಬಿಡಿ.

ಮೇ, ಜೂನ್ ಕಳೆದವು. ನಮ್ಮ ಬಾಡಿಗೆ ಮನೆಗೆ ಹೊಸಬರು ಅಳತೆ ಪಟ್ಟಿ ಹಿಡಿದು ಬಂದುಹೋದರು. ಮನೆ ನಮ್ಮ ಹೆಸರಿಗೆ ಬರೆಸಲು ನೋಟಾರಿಸ್ ಕಚೇರಿಗೆ ಹೋಗುವ ದಿನ ಬೆಳಿಗ್ಗೆ, ಇಲ್ಲಿಯ ಪದ್ಧತಿಯಂತೆ, ಮನೆಯನ್ನು ಕೊನೆಯ ಸಲ ನೋಡಲು ಹೋದೆವು. ಲಸಿಕೆ ಹಾಕಿಸಿಕೊಂಡಿದ್ದ ಅಜ್ಜ ಈ ಸಲ ಒಳಗೇ ಇದ್ದರು. ಖಾಲಿ ಮನೆಯಲ್ಲಿ ಕೂರಲು ಕುರ್ಚಿಯೂ ಇರಲಿಲ್ಲ. ಮುಚ್ಚಳದ ಅಂಚಿನಲ್ಲಿ ನೆಲದ ಮೇಲೆ ಕೂತು, ಕಾಲು ಕೆಳಗೆ ಇಳಿಬಿಟ್ಟು, ಟಾರ್ಚ್ ತಾವೇ ಹಿಡಿದರು. ನಾನು ತೆವಳಿದೆ.

ಮೊದಲನೆಯ ತೊಲೆ, ಕಾಗದ ಹಾಗೇ ಇತ್ತು. ಎರಡನೆಯದು ಹಾಗೇ. ಮೂರು, ನಾಲ್ಕು, ಐದು. ಬೆರಳಾಡಿಸಿ ನೋಡಿದೆ, ಸಹಿಗಳೂ ಮಾಸಿರಲಿಲ್ಲ. ಆರನೆಯದು ಅಡುಗೆಮನೆಯ ಕಡೆ. ಅದರ ಕಾಗದದಲ್ಲಿ ಮೂರು ತೂತು. ಕೆಳಗೆ ಮರಳಿನ ಮೇಲೆ ಬೆಳ್ಳಗೆ ಹೊಸ ಹಿಟ್ಟು.

"ಒಂದು ಜೀವಂತ ಇದೆ!" ಎಂದು ಕೂಗಿದೆ.

"ಯಾವುದು?"

"ಅಡುಗೆಮನೆ ಕಡೆಯದು."

ಟಾರ್ಚಿನ ಬೆಳಕು ಆ ಕಡೆ ತಿರುಗಿತು. ಆಮೇಲೆ ಗಂಭೀರ ಧ್ವನಿ ಬಂತು. "ಅದು ನಾನು ಬಳಿದದ್ದಲ್ಲ. ಅದನ್ನು ಆಮೇಲೆ ಹಾಕಿದವನು ನನ್ನ ಭಾವಮೈದ. ಅವನ ಕೆಲಸವೆಲ್ಲ ಹಾಗೇ."

ನಗು ತಡೆಯಲಾರದೆ ತೊಲೆಗೆ ತಲೆ ಬಡಿಸಿಕೊಂಡೆ. ಮೇಲೆ ಬಂದಾಗ ನನ್ನ ಗಂಡ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು, "ಆ ಕಂಪನಿ ಪಟ್ಟಿ ಇದೆಯಲ್ಲ, ಆರಕ್ಕೂ ಕೇಳ್ಬಾರ್ದಾ? ಹುಳ ಸಿಕ್ತಲ್ಲ."

"ಐದರ ಬಗ್ಗೆ ಚಕಾರ ಎತ್ತಲ್ಲ ಅಂದಿದ್ದೀನಿ ರೀ. ಒಂದೇ ಒಂದು."

"ನೀನೇನಾ ಇದು?"

"ಐದನ್ನ ಅವ್ರು ಎಷ್ಟು ಚೆನ್ನಾಗಿ ಕಾಪಾಡಿದ್ದಾರೆ, ಕೆಳಗೆ ಹೋಗಿ ನೋಡ್ಬನ್ನಿ." ಇದನ್ನು ನಾನು ಅಜ್ಜನ ಕಡೆ ತಿರುಗಿ ಡಚ್ಚಿನಲ್ಲೂ ಹೇಳಿದೆ. ಅವರು ಟಾರ್ಚ್ ಆರಿಸಿದರು. ಕಾಲು ಮೇಲೆತ್ತಿಕೊಳ್ಳಲು ನನ್ನ ಕೈಯ ಆಸರೆ ಕೇಳಿದರು.

ನೋಟಾರಿಸ್ ಕಚೇರಿಯಲ್ಲಿ ಗಾಜಿನ ಪರದೆಯಾಚೆಯಿಂದ, ಬಾಕಿ ಏನಾದರೂ ಇದೆಯೇ ಎಂದು ನೋಟಾರಿಸ್ ಕೇಳಿದರು. "ಒಂದು ತೊಲೆ," ಎಂದರು ಅಜ್ಜ. ಅದನ್ನೂ ಬರೆಸಿ ಸಹಿ ಹಾಕಿದೆವು. ಬಾಡಿಗೆ ಮನೆ ಬಿಡಲು ಇನ್ನೂ ಹದಿನೈದು ದಿನ ಇತ್ತು. ಔಷಧಿಯವನು ಬಂದು ಒಂದೇ ತೊಲೆಗೆ ಹೊಡೆದು ಹೋಗಲು ಒಂದು ದಿನ, ವಾಸನೆ ಆರಲು ನಾಲ್ಕು ದಿನ. ಉಳಿದ ದಿನಗಳಲ್ಲಿ ನಾನು ನನ್ನ ಬೀರುಗಳನ್ನು ಒಂದೊಂದಾಗಿ, ಗಡಿಬಿಡಿಯಿಲ್ಲದೆ, ಆ ನೆಲದ ಮೇಲೆ ತಂದಿಟ್ಟೆ.