ಅಂಜಿನಪ್ಪನ ಹೆಬ್ಬೆರಳು

ಅಂಜಿನಪ್ಪನ ಬಲಗೈ ಹೆಬ್ಬೆರಳ ತುದಿಯಲ್ಲಿ ಒಂದು ಕರಿ ಉಂಗುರವಿತ್ತು. ತೊಡುವ ಉಂಗುರವಲ್ಲ, ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಉಳಿಯುವ ತೂತಿನ ಮೇಲೆ ವರ್ಷಗಟ್ಟಲೆ ಬೆರಳು ಒತ್ತಿ ಒತ್ತಿ ಬಿದ್ದ ಗುರುತು. ಸೀಮೆಎಣ್ಣೆ, ಸೋಪಿನ ಪುಡಿ, ಹುಣಸೆಹಣ್ಣು ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ಅವನು ಮುದ್ದೆ ಮುರಿಯುವಾಗ ಆ ಉಂಗುರದ ಅಚ್ಚು ಮುದ್ದೆಯ ಮೇಲೂ ಮೂಡುತ್ತದೇನೋ ಎಂದು ನಾನು ಎಷ್ಟೋ ಸಲ ಬಗ್ಗಿ ನೋಡಿದ್ದೇನೆ. ಮೂಡುತ್ತಿರಲಿಲ್ಲ.

ಕೊಡಿಗೇನಹಳ್ಳಿ ಬಸ್‌ಸ್ಟ್ಯಾಂಡಿನಿಂದ ಹಿಂದೂಪುರದ ಕಡೆಗೆ ಸ್ವಲ್ಪ ನಡೆದರೆ ಹೊಂಗೆ ಮರದ ಕೆಳಗೊಂದು ತಗಡಿನ ಶೆಡ್ಡು. ಅದೇ ಅವನ ಗ್ಯಾರೇಜು, ಅದರ ಹಿಂಬದಿಯ ಕೋಣೆಯೇ ಮನೆ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳನ್ನು ಪಾವಗಡದ ಕಡೆ ವಳ್ಳೂರಿಗೆ ಕೊಟ್ಟಿದ್ದ. ನಾನು ಶಿರಾ ಕಡೆಯವನು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ವರ್ಗವಾಗಿ ಬಂದು ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಬೇಡಿ. ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ.

ಬಂದ ಹೊಸದರಲ್ಲಿ, ಪುರವರದ ಹತ್ತಿರ ಒಂದು ಹಸು ನೋಡಿಕೊಂಡು ಬರುವಾಗ, ಅಪ್ಪನ ಕಾಲದ ನನ್ನ ಬೈಕು ಢಬ್ ಎಂದು ಸದ್ದು ಮಾಡಿ ನಿಂತುಬಿಟ್ಟಿತು. ಲಗೇಜ್ ಆಟೊದಲ್ಲಿ ಹೇರಿಕೊಂಡು ಬಂದು ಅಂಜಿನಪ್ಪನ ಶೆಡ್ಡಿನ ಮುಂದೆ ಇಳಿಸಿ, "ಸಾಯಂಕಾಲ ಬತ್ತೀನಿ, ಮಾಡಿಟ್ಟಿರಣ್ಣ" ಎಂದು ತಿರುಗಿದೆ.

"ಎಲ್ಲಿಗೋಗ್ತೀರಾ?" ಅಂದ. "ಬುಟ್ಟೋಗೋರ ಗಾಡಿ ನಾನು ಮುಟ್ಟಾಕಿಲ್ಲ."

"ಯಾಕೆ?"

"ಟೈಮಿಂಗ್ ಚೈನು ಹಲ್ಲು ಹಾರೈತೆ. ಇದು ಇಬ್ರು ಮಾಡೋ ಕೆಲ್ಸ. ಕುಂತ್ಕೊಳ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಗಾಡಿ ರಿಪೇರಿಗೆ ತಂದವನ ಕೈಗೇ ಸ್ಪ್ಯಾನರ್ ಕೊಡುವುದು ಯಾವ ಸೀಮೆಯ ನ್ಯಾಯ? ಆದರೆ ಊರಲ್ಲಿ ಹಳೆಯ ಗಾಡಿ ಮುಟ್ಟುವವನು ಇನ್ನೊಬ್ಬನಿರಲಿಲ್ಲ. ಹಲ್ಲು ಕಚ್ಚಿಕೊಂಡು ಹಲಗೆಯ ಮೇಲೆ ಕೂತೆ.

ಎಂಜಿನ್ನಿನ ನೆತ್ತಿಯಲ್ಲಿ ಕ್ಯಾಮ್ ಎನ್ನುವ ಒಂದು ಕಂಬಿ ಇರುತ್ತದೆ. ಅದರ ಮೈಮೇಲಿನ ಗುಬುಟುಗಳು ತಿರುಗಿದಂತೆ ವಾಲ್ವುಗಳು, ಅಂದರೆ ಎಂಜಿನ್ನಿನ ಗಾಳಿಯ ಬಾಗಿಲುಗಳು, ತೆರೆದು ಮುಚ್ಚುತ್ತವೆ. ಕೆಳಗೆ ಪಿಸ್ಟನ್ನು ಏರುವ ಹೊತ್ತಿಗೂ ಮೇಲೆ ಬಾಗಿಲು ತೆರೆಯುವ ಹೊತ್ತಿಗೂ ತಾಳ ಕೂಡಿಸುವುದು ಒಂದು ಸಣ್ಣ ಚೈನು. ಹಳೆಯ ಗಾಡಿಗಳಲ್ಲಿ ಅದು ಸಡಿಲಾಗಿ ಒಂದು ಹಲ್ಲು ಹಾರಿತೋ, ತಾಳ ತಪ್ಪಿತು. ಇಷ್ಟನ್ನೂ ಅವನು ನನಗೆ ಮೊದಲ ದಿನವೇ ಹೇಳಿಕೊಟ್ಟ. ನಾನು ಕೇಳಿರಲಿಲ್ಲ.

ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿಕೊಂಡು, ನನ್ನ ಕೈಗೆ ಸ್ಪ್ಯಾನರ್ ಕೊಟ್ಟು, ಎಂಜಿನ್ನಿನ ಪಕ್ಕದ ಮ್ಯಾಗ್ನೆಟ್ ಚಕ್ರದ ನಟ್ಟು ತಿರುಗಿಸಲು ಹೇಳಿದ. "ನಿಧಾನ, ನಿಧಾನ! ಕರಾ ಎಳೆಯೋವಾಗ ಇಂಗೇ ಜಗ್ತೀರಾ ಡಾಕ್ಟ್ರೇ?"

"ನಾನು ಡಾಕ್ಟ್ರಲ್ಲ ಕಣಣ್ಣ, ಕಾಂಪೌಂಡರು."

"ಹಸಾ ಕೇಳಿತ್ತಾ? ಬುಡಿ ಅತ್ಲಾಗೆ. ನೋಡಿ, ಪಿಸ್ಟನ್ನು ಎರಡು ಸಲಿ ಮೇಲಕ್ಕೆ ಬತ್ತೈತೆ. ಒಂದ್ಸಲಿ ಉಸ್ರು ಕಟ್ಕೊಂಡು ಬತ್ತೈತೆ, ಇನ್ನೊಂದ್ಸಲಿ ಬರಿಗೈಲಿ ಬತ್ತೈತೆ. ಚಕ್ರದ ಮೇಲಿನ ಗೀಟು ಮಾತ್ರ ಎರಡು ಸಲೀನೂ ಅದೇ ಜಾಗದಾಗೆ ನಿಲ್ತೈತೆ. ಗೀಟು ನೋಡಿ ನಂಬಿದ್ರೋ, ಅಯಿಪಾಯೆ."

"ಅಯಿಪಾಯೆ" ಎಂದರೆ ತೆಲುಗಿನಲ್ಲಿ ಮುಗಿದೇಹೋಯಿತು ಎಂದು. ಪಾವಗಡದ ಗಡಿಯಲ್ಲಿ ಹುಟ್ಟಿದವನು. ಕೆಲಸದಲ್ಲಿ ಮೈಮರೆತರೆ ಕನ್ನಡ ಬಿಟ್ಟು ತೆಲುಗಿಗೆ ಜಾರುತ್ತಿದ್ದ. ನಾನು ನಟ್ಟು ತಿರುಗಿಸುತ್ತಿದ್ದಂತೆ ಅವನ ಹೆಬ್ಬೆರಳ ಸಂದಿಯಿಂದ ಪುಸ್ ಎಂದು ಗಾಳಿ ಹೊರಟಿತು. ಅವನ ಮುಖ ಅರಳಿತು. "ವಚ್ಚೆ!" ಅಂದ. ಬಂತು ಎಂದು. ಬಿಚ್ಚುವ ಮುಂಚೆ ಒಂದು ಸಲ, ಚೈನು ಕೂರಿಸಿ ಮುಚ್ಚುವ ಮುಂಚೆ ಇನ್ನೊಂದು ಸಲ, ಆ ಉಸಿರು ಬೆರಳಿಗೆ ತಾಗದೆ ಅವನು ಯಾವ ಗಾಡಿಯನ್ನೂ ಬಿಡುತ್ತಿರಲಿಲ್ಲ.

ಆ ಹಲಗೆಯ ಮೇಲೆ ಕೂರದ ಜನ ಹೋಬಳಿಯಲ್ಲಿ ಇರಲಿಲ್ಲವೆಂದೇ ಹೇಳಬೇಕು. ಹೂವಿನ ವ್ಯಾಪಾರದ ನಾಗರಾಜು, ಮೇಷ್ಟ್ರುಗಳು, ಪೂಜಾರಪ್ಪ, ಎಲ್ಲರೂ ಸ್ಪ್ಯಾನರ್ ಹಿಡಿದವರೇ. ತಿರುಗಿಸುವವರ ಕೈಗೆ ಬಿಡುವಿರುವುದಿಲ್ಲ, ಬಾಯಿಗೆ ಬಿಡುವಿರುತ್ತದೆ. "ಮನೇಲೇನು ಸಾರು?" ಎಂದು ಅಂಜಿನಪ್ಪ ಶುರು ಮಾಡಿದರೆ ಅವರ ಸೊಸೆಯ ಬಾಣಂತನದವರೆಗೂ ಹೋಗಿ ಬರುತ್ತಿದ್ದ. ಅವಸರ ಮಾಡಿದವರಿಗೆ ಕೀಲಿಕೈ ವಾಪಸ್ಸು. "ಕುಂತ್ಕಳಾಕಾಗ್ದಿದ್ರೆ ಬಸ್ಸಿಗೋಗ್ಲಿ. ಬಸ್ಸಿನಾಗೂ ಕುಂತ್ಕಳ್ಳೇಬೇಕಲ್ಲ!"

ನನಗಂತೂ ಆ ಹಲಗೆ ರೂಢಿಯಾಗಿಹೋಯಿತು. ಆಸ್ಪತ್ರೆ ಮುಚ್ಚಿ ಆ ಕೋಣೆಗೆ ಹೋಗಿ ಗೋಡೆ ನೋಡುವುದು ಯಾರಿಗೆ ಬೇಕು? "ಅಣ್ಣ, ಗಾಡಿ ಯಾಕೋ ಟಕಟಕ ಅಂತೈತೆ" ಎನ್ನುತ್ತಿದ್ದೆ. ಅವನು ಕಿವಿಗೊಟ್ಟು ಕೇಳಿ, ಗಂಭೀರವಾಗಿ, "ಹೂಂ, ಅಂತೈತೆ" ಎನ್ನುತ್ತಿದ್ದ. ಗಾಡಿ ಹಾಗೇನೂ ಅನ್ನುತ್ತಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪ್ಲಗ್ ಬಿಚ್ಚುತ್ತಿದ್ದೆವು, ಉಸಿರು ನೋಡುತ್ತಿದ್ದೆವು, ಮುಚ್ಚುತ್ತಿದ್ದೆವು. ಆಮೇಲೆ ಮುದ್ದೆ. "ಒಂದೇ ಮುದ್ದೆ ಕಟ್ಟಾಕೆ ನಂಗೆ ಬರಾಕಿಲ್ಲ ಡಾಕ್ಟ್ರೇ. ಎಂಗೆ ತೊಳಸಿದ್ರೂ ಎರಡೇ ಆಗ್ತವೆ" ಎಂದು ಒಂದನ್ನು ನನ್ನ ತಟ್ಟೆಗೆ ಹಾಕುತ್ತಿದ್ದ. ಹೆಂಡತಿ ಹೋದಮೇಲೂ ಕೈಯ ಅಳತೆ ಬದಲಾಗಿರಲಿಲ್ಲ.

ಕೆಟ್ಟ ಕಾಲ ನಾಗರಾಜುವಿನ ಗಾಡಿಯಿಂದ ಶುರುವಾಯಿತು. ಚೈನು ಹಾಕಿಸಿಕೊಂಡು ಹೋದವನು ಮಾರನೇ ದಿನವೇ ಬಂದ. "ಏನಣ್ಣ ಇದು, ಒಂದೇ ಸಮ ಬಡ್ಕೊಂತೈತೆ. ದಿಬ್ಬ ಕಂಡ್ರೆ ಒಲ್ಲೆ ಅಂತೈತೆ." ಅಂಜಿನಪ್ಪ ಮತ್ತೆ ಬಿಚ್ಚಿ ಕಟ್ಟಿದ. ಮತ್ತೆ ಅದೇ ಬಡಿತ. ಗೀಟು ಸರಿಯಾಗಿಯೇ ನಿಂತಿತ್ತು. ಆದರೆ ಪಿಸ್ಟನ್ನು ಬರಿಗೈಯಲ್ಲಿ ಬಂದ ಸುತ್ತಿನಲ್ಲಿ ನಿಲ್ಲಿಸಿ ವಾಲ್ವಿನ ಸಂದು ಹೊಂದಿಸಿಬಿಟ್ಟಿದ್ದ. ಅಂಜಿನಪ್ಪ ಮಾಡುವ ತಪ್ಪೇ ಅದು? ನಾಗರಾಜು ಒಳ್ಳೆಯವನು, ಬೈಯಲಿಲ್ಲ. "ಇರ್ಲಿ ಬುಡಣ್ಣ, ಮಧುಗಿರೀಲಿ ತೋರಿಸ್ಕೊಂತೀನಿ" ಅಂದ. ಬೈದಿದ್ದರೇ ವಾಸಿಯಿತ್ತು.

ಅವತ್ತು ಸಂಜೆ ಇಬ್ಬರೂ ಟೀ ಕುಡಿಯುತ್ತಾ ಕೂತಿದ್ದೆವು. ಅವನ ಹೆಬ್ಬೆರಳು ಪಕ್ಕದಲ್ಲಿ ನಿಲ್ಲಿಸಿದ್ದ ನನ್ನ ಗಾಡಿಯ ಬಿಸಿ ಸೈಲೆನ್ಸರಿಗೆ ಒರಗಿಕೊಂಡಿತ್ತು. ಚರ್ಮ ಸುಟ್ಟ ವಾಸನೆ ಮೊದಲು ಬಡಿದದ್ದು ನನ್ನ ಮೂಗಿಗೆ. ಅವನ ಕೈ ಹಿಡಿದೆಳೆದೆ. ಅಷ್ಟು ದಪ್ಪ ಬೊಬ್ಬೆ ಎದ್ದಿದ್ದರೂ ಅವನಿಗೆ ತಿಳಿದೇ ಇರಲಿಲ್ಲ.

"ಯಾವತ್ತಿಂದಣ್ಣ ಇಂಗೆ?" ಅಂದೆ.

ಅವನು ಬೆರಳನ್ನೇ ನೋಡುತ್ತಾ ಕೂತ. "ಸಕ್ರೆ ಕಾಯ್ಲೆ ಡಾಕ್ಟ್ರೇ. ಎಡಗೈಯದೂ ಅಂಗೇ ಆಗೈತೆ. ಉಸ್ರು ಬತ್ತೈತೋ ಇಲ್ವೋ, ಒಂದೂ ಗೊತ್ತಾಗಾಕಿಲ್ಲ. ಯಾರ್ಗೂ ಏಳ್ಬೇಡಿ. ಏಳಿದ್ರೆ ಇಲ್ಲಿ ಯಾರು ಬಂದು ಕುಂತ್ಕೊಂತಾರೆ?"

ಅವನಿಗಿದ್ದ ಭಯ ಅದೊಂದೇ. ಆ ಹಲಗೆ ಖಾಲಿ ಬೀಳುತ್ತದಲ್ಲ ಎಂದು.

ಎದ್ದು ನನ್ನ ಗಾಡಿಯ ಪ್ಲಗ್ ಬಿಚ್ಚಿದ. ಸ್ಪ್ಯಾನರನ್ನು ತಾನು ಹಿಡಿದುಕೊಂಡ. "ನಿಮ್ಮ ಬೆಳ್ಳು ಕೊಡಿ" ಅಂದ. ಅವತ್ತಿನವರೆಗೂ ನಾನು ತಿರುಗಿಸಿದ್ದೇ ಹೊರತು ಬೆರಳಿಟ್ಟವನಲ್ಲ. ಹೆಬ್ಬೆರಳೊತ್ತಿ ಕೂತೆ. ಅವನು ನಿಧಾನಕ್ಕೆ ತಿರುಗಿಸಿದ. ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಒಳಗಿನಿಂದ ಏನೋ ಒಂದು ನನ್ನ ಬೆರಳನ್ನು ಮೇಲಕ್ಕೆ ದೂಡಿತು, ಕರು ಮೂತಿಯಿಂದ ದೂಡಿದ ಹಾಗೆ.

"ವಚ್ಚಿಂದಾ?" ಅಂದ. ಬಂತಾ?

"ವಚ್ಚೆ" ಅಂದೆ. ನನಗೆ ಬರುವ ತೆಲುಗು ಅಷ್ಟೇ.

ಆಮೇಲೆ ದಿನಾ ಸಂಜೆ ಅವನಿಗೆ ಹೆಬ್ಬೆರಳಾದೆ. ಟೈಮಿಂಗಿನ ಕೆಲಸವೇನಿದ್ದರೂ ನಾನು ಬರುವ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದ. ಆದರೆ ಬರುವ ಗಾಡಿಗಳೇ ಕಡಿಮೆಯಾದವು. ಮಧುಗಿರಿಯ ದಾರಿ ಹಿಡಿದವರು ತಿರುಗಿ ಬರಲಿಲ್ಲ. ಹಲಗೆಯ ಮೇಲೆ ಹೊಂಗೆ ಎಲೆ ಬಿದ್ದಿರುತ್ತಿತ್ತು. ನಾನೇ ಗುಡಿಸಿ ಕೂರುತ್ತಿದ್ದೆ. ಅಷ್ಟರಲ್ಲಿ ಅವನ ಕಾಲಿನಲ್ಲೂ ಹುಣ್ಣಾಯಿತು. ಮಗಳು ಬಂದು, ಅಳುತ್ತಾ ಬೈಯುತ್ತಾ, ವಳ್ಳೂರಿಗೆ ಕರೆದುಕೊಂಡು ಹೋದಳು.

ನೋಡಲು ಒಂದೇ ಸಲ ಹೋಗಿದ್ದೆ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಸೋಲಾರ್ ಪ್ಲೇಟುಗಳು. ಮಗಳು, ಅಳಿಯ ಇಬ್ಬರಿಗೂ ಅದರಲ್ಲೇ ಕೆಲಸ. ಬೆಳಗ್ಗೆ ಹೋದರೆ ಸಂಜೆಗೆ ಬರುವುದು. ಅಂಜಿನಪ್ಪ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತಿದ್ದ. ನನ್ನ ಗಾಡಿಯ ಸದ್ದು ಕೇಳಿಯೇ ಎದ್ದು ನಿಂತಿದ್ದ.

"ಟಕಟಕ ಅಂತೈತೆ" ಅಂದ.

"ಹೂಂ ಅಣ್ಣ, ಅಂತೈತೆ" ಅಂದೆ.

ಪ್ಲಗ್ ಬಿಚ್ಚಿದೆವು. ಅವನು ತಿರುಗಿಸಿದ, ನಾನು ಬೆರಳಿಟ್ಟೆ. ವಚ್ಚಿಂದಾ, ವಚ್ಚೆ, ಎಲ್ಲ ಆಯಿತು. ಪ್ಲಗ್ ಮುಚ್ಚಿದ ಮೇಲೂ ಅವನು ಸ್ಪ್ಯಾನರ್ ಕೆಳಗಿಡಲಿಲ್ಲ. "ಇಲ್ಲಿ ಎಲ್ಲಾ ಐತೆ ಡಾಕ್ಟ್ರೇ. ಮಗ್ಳು ಚೆಂದಾಗಿ ನೋಡ್ಕೊಂತಾಳೆ. ಫ್ಯಾನೈತೆ, ಟಿವಿ ಐತೆ. ಪಕ್ಕದಾಗೆ ಕುಂತ್ಕಳೋರು ಇಲ್ಲ, ಅಷ್ಟೇಯ." ಮುಂದಿನ ತಿಂಗಳು ಬರುತ್ತೇನೆಂದು ಹೇಳಿ ಬಂದೆ. ಅದರೊಳಗೆ ಅವನು ಹೋಗಿಬಿಟ್ಟ. ತಿಥಿ ಮುಗಿದ ಮೇಲೆ ಸುದ್ದಿ ಬಂತು. ನನಗೆ ಹೇಳಿಕಳಿಸಬೇಕೆಂದು ಯಾರಿಗೆ ತಾನೆ ಹೊಳೆಯಬೇಕು? ನಾನು ಅವರಿಗೆ ಏನಾಗಬೇಕು?

ಈಚೆಗೆ ನನ್ನ ಗಾಡಿಯ ಚೈನು ನಿಜವಾಗಿಯೂ ಹಲ್ಲು ಹಾರಿತು. ಮಧುಗಿರಿಯಲ್ಲಿ ಸಾದಿಕ್ ಎಂಬ ಮೆಕ್ಯಾನಿಕ್ಕಿನ ಅಂಗಡಿಗೆ ಒಯ್ದೆ. ಗಾಡಿ ನಿಲ್ಲಿಸಿ, ಅಭ್ಯಾಸಬಲ, ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ.

"ನೀವ್ಯಾಕ್ ಕೂತ್ರಿ ಸಾರ್? ಕೆಲ್ಸ ಇದ್ರೆ ಮುಗಿಸ್ಕೊಂಡ್ ಬನ್ನಿ."

"ತಿರುಗ್ಸಾಕೆ ಇನ್ನೊಬ್ರು ಬೇಡ್ವೇನಪ್ಪ? ಇಬ್ರು ಮಾಡೋ ಕೆಲ್ಸ ಅಲ್ವಾ?"

ಅವನು ನಕ್ಕ. "ಯಾರ್ ಹೇಳಿದ್ದು ಸಾರ್? ಎರಡು ಕೈ ಇದ್ರೆ ಸಾಕಲ್ಲ."

ಎಡಗೈ ಹೆಬ್ಬೆರಳನ್ನು ತೂತಿಗೊತ್ತಿದ. ಬಲಗೈಯಿಂದ ತಾನೇ ನಟ್ಟು ತಿರುಗಿಸಿದ. ಅಷ್ಟು ಸಲೀಸು.

ಎಲಾ ಅಂಜಿನಪ್ಪ! ಅಷ್ಟು ವರ್ಷ ಇಡೀ ಹೋಬಳಿಯ ಕೈಗೆ ಸ್ಪ್ಯಾನರ್ ಕೊಟ್ಟು ಕೂರಿಸಿಕೊಂಡೆಯಲ್ಲೋ ಕಳ್ಳ! ನಿನಗೆ ತಿರುಗಿಸುವವರು ಬೇಕಿರಲಿಲ್ಲ. ಬಾಯಿ ಬಿಟ್ಟು ಕೇಳಿದ್ದರೆ ಸುಮ್ಮನೆ ಕೂರುತ್ತಿದ್ದೆನಲ್ಲೋ ಮಹಾರಾಯ. ನನಗೇನು ಬೇರೆ ಹೋಗುವ ಮನೆಯಿತ್ತೇ?

ಪುಸ್ ಎಂದಿತು. ಸಾದಿಕ್ ಮುಂದಿನ ಸ್ಪ್ಯಾನರಿಗೆ ಕೈ ಚಾಚಿದ. ನನ್ನ ಬಾಯಿಂದಲೇ "ವಚ್ಚೆ" ಎಂದು ಬಂದುಬಿಟ್ಟಿತು.

"ಏನ್ ಸಾರ್?"

"ಏನಿಲ್ಲಪ್ಪ."

ಕೆಲಸ ಬೇಗ ಮುಗಿಯಿತು. ಅವನು ಒಳ್ಳೆಯ ಕೆಲಸಗಾರನೇ, ಸುಳ್ಳು ಹೇಳಬಾರದು. ಕಿಕ್ ಹೊಡೆದು, ಸದ್ದು ಕೇಳಿ, ಕೈ ಒರೆಸಿಕೊಂಡು, "ಆಯ್ತು ಸಾರ್, ಹೊರಡಿ" ಅಂದ.

ಅಂಜಿನಪ್ಪ ಒಂದು ದಿನಕ್ಕೂ ನನಗೆ ಹೊರಡಿ ಅಂದವನಲ್ಲ.