ಸ್ಕಾಟ್ಲೆಂಡಿನ ಮಂಜಿನಲ್ಲಿ ಒಂದು ಕೂ

ಕಳಸೇಶ್ವರನ ಪಾದಗಳಿಗೆ ಮೊದಲ ನಮಸ್ಕಾರ. ಅವನ ಅಪ್ಪಣೆಯಿಲ್ಲದೆ ಭದ್ರೆಯ ಈ ದಡದಿಂದ ಆ ದಡಕ್ಕೂ ದಾಟಲಾರದ ನಮ್ಮನ್ನು ಅವನು ಕಡಲಾಚೆಗೆ ಕರೆದೊಯ್ದು, ಕ್ಷೇಮವಾಗಿ ಮರಳಿ ಮನೆ ಸೇರಿಸಿದ. ಹೊರಡುವ ದಿನ ಪ್ರಸಾದ ಕೊಟ್ಟು ಹರಸಿದ ಅರ್ಚಕರಿಗೂ, ನಾವಿಲ್ಲದಾಗ ನಮ್ಮ ದೇವರಿಗೆ ದೀಪ ಹಚ್ಚಿದ ತಮ್ಮನ ಹೆಂಡತಿಗೂ ನಾನು ಋಣಿ.

ಷಷ್ಟ್ಯಬ್ದಿ ಶಾಂತಿಯಾದ ವರ್ಷ ನನ್ನಾಕೆಯನ್ನು ಏನು ಬೇಕೆಂದು ಕೇಳಿದೆ. ಕಾಶಿಯನ್ನೋ ಬಳೆಯನ್ನೋ ಕೇಳಿಯಾಳೆಂದು ಎಣಿಸಿದ್ದೆ. ಅವಳು ಕೇಳಿದ್ದು ಸ್ಕಾಟ್ಲೆಂಡನ್ನು. ಮೂಡಿಗೆರೆಯ ಕಡೆ ಅವಳ ತವರಿನ ಪಕ್ಕದ ಎಸ್ಟೇಟಿನಲ್ಲಿ ಹಿಂದೆ ಆ ನಾಡಿನ ಬಿಳಿಯ ದೊರೆಯೊಬ್ಬನಿದ್ದನಂತೆ. ತನ್ನೂರಿನ ಗುಡ್ಡಗಳೂ ಹೀಗೆಯೇ ಎಂದು ಅವಳ ಅಜ್ಜನ ಬಳಿ ಹೇಳುತ್ತಿದ್ದನಂತೆ. ಅದು ನಿಜವೋ ಸುಳ್ಳೋ ಕಣ್ಣಾರೆ ನೋಡಬೇಕೆಂಬುದು ಅವಳ ಹಟ.

ಎಡಿನ್‌ಬರೋ ನಗರದಲ್ಲಿ ಬಂಡೆಯ ನೆತ್ತಿಯ ಕೋಟೆಯನ್ನೂ, ಹೊಗೆಗೆ ಕಪ್ಪಾದ ಕಲ್ಲುಮನೆಗಳ ಕಡಿದಾದ ಓಣಿಗಳನ್ನೂ ನೋಡಿದೆವು. ಸೀರೆಯ ಮೇಲೆ ಉಣ್ಣೆಯ ಕೋಟು, ಕಾಲಿಗೆ ಬೂಟು ಧರಿಸಿ ಅವಳು ಮುಂದೆ ನಡೆದಳು. ನಾನು ಏದುಸಿರು ಬಿಡುತ್ತ ಹಿಂದೆ. ಹೋಟೆಲಿನ ಕಾಫಿಯನ್ನು ಒಂದು ಗುಟುಕು ಕುಡಿದು, ನಮ್ಮಂಥವರ ತೋಟದ ಬೀಜ ಇಷ್ಟು ದೂರ ಬಂದು ಹೀಗೆ ಸೊರಗಬಾರದಿತ್ತು ಎಂದು ಮರುಗಿದಳು.

ಅಲ್ಲಿಂದ ಸಣ್ಣ ವ್ಯಾನಿನಲ್ಲಿ ಬೆಟ್ಟಗಳ ಕಡೆ ಹೊರಟೆವು. ಜೊತೆಗೆ ನಾಲ್ಕಾರು ಪ್ರವಾಸಿಗರು, ಚಾಲಕನೇ ಮಾರ್ಗದರ್ಶಿ. ಮಧ್ಯಾಹ್ನ ಬುತ್ತಿ ಬಿಚ್ಚಲು ಗುಡ್ಡದ ಮೈಯೊಂದರಲ್ಲಿ ನಿಲ್ಲಿಸಿದರು. ಕೆಳಗೆ ಕಷಾಯದ ಬಣ್ಣದ ತೊರೆಯೊಂದು ಹರಿಯುತ್ತಿತ್ತು. ಹರಿಯುವ ನೀರು ಕಂಡ ಮೇಲೆ ಮಾಧ್ಯಾಹ್ನಿಕವನ್ನು ಬಿಡಲು ಮನಸ್ಸಾಗಲಿಲ್ಲ. ಅವಳಿಗೆ ಹೇಳಿ, ಮೊಬೈಲನ್ನು ವ್ಯಾನಿನಲ್ಲೇ ಬಿಟ್ಟು, ಪಂಚೆಯುಟ್ಟು, ಪಂಚಪಾತ್ರೆ ಹಿಡಿದು ಇಳಿದೆ. ಅರ್ಘ್ಯ ಕೊಟ್ಟು, ಕಣ್ಣು ಮುಚ್ಚಿ ಜಪಕ್ಕೆ ಕುಳಿತೆ.

ನಡುವೆ ಮೇಲಿನಿಂದ ಯಾರೋ ಕರೆದರು. ಜಪ ಮುಗಿಯದೆ ಬಾಯಿ ತೆರೆಯುವ ರೂಢಿ ನನಗಿಲ್ಲ. ಮುಗಿಸಿ ಕಣ್ಣು ಬಿಟ್ಟರೆ ಎದುರಿನ ತೊರೆಯೂ ಕಾಣದಷ್ಟು ಮಂಜು ಕವಿದಿತ್ತು. ಬಂದ ದಾರಿಯೆಂದುಕೊಂಡ ಕಡೆ ಹೆಜ್ಜೆಯಿಟ್ಟೆ. ಮೊಣಕಾಲಿನವರೆಗೆ ಜೌಗಿನಲ್ಲಿ ಹೂತೆ. ಹೇಗೋ ಕಾಲು ಕಿತ್ತುಕೊಂಡೆ. ಮುಂದಿನ ಹೆಜ್ಜೆಗೆ ನೆಲವಿದೆಯೋ ಇಲ್ಲವೋ ತಿಳಿಯದೆ ನಿಜವಾಗಿ ಹೆದರಿದೆ. ಚಾಲಕ ಅತ್ತಿತ್ತ ಓಡಾಡುತ್ತ ಕೂಗುತ್ತಿದ್ದುದರಿಂದ ದನಿ ಎಲ್ಲ ದಿಕ್ಕಿನಿಂದಲೂ ಬಂದಂತಾಗುತ್ತಿತ್ತು.

ಮೇಲೆ ನಡೆದದ್ದನ್ನು ಆಮೇಲೆ ಕೇಳಿದೆ. ಚಾಲಕ ತಾನು ಇಳಿದು ಹುಡುಕುತ್ತೇನೆ, ನೀವೂ ಕರೆಯುತ್ತ ಬನ್ನಿ ಎಂದನಂತೆ. ಇವಳು ಒಪ್ಪಲಿಲ್ಲ. ನಮ್ಮ ಬೆಟ್ಟಗಳಲ್ಲಿ ಕಾಫಿ ತೋಟದೊಳಗೆ ಮಂಜು ತುಂಬಿದಾಗ ಒಬ್ಬರು ‘ಕೂ’ ಹಾಕುತ್ತಾರೆ. ಕೂ ಹಾಕಿದವರು ನಿಂತಲ್ಲಿಂದ ಕದಲಬಾರದು. ಕೇಳಿದವರು ಓಗೊಟ್ಟು, ದನಿಯ ಕಡೆಗೆ ನಡೆಯಬೇಕು. ಇಬ್ಬರೂ ಚಲಿಸಿದರೆ ಇಬ್ಬರೂ ತಪ್ಪುತ್ತಾರೆ. ಇದನ್ನು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿ, ಎಲ್ಲರನ್ನೂ ಸುಮ್ಮನಿರಿಸಿ, ರಸ್ತೆಯ ಅಂಚಿನಲ್ಲಿ ನಿಂತಳು.

ನೀಳವಾದ ಆ ಕೂ ನನ್ನ ಕಿವಿಗೆ ಬಿತ್ತು. ನಾನೂ ಕೂ ಎಂದೆ. ತುಸು ಬಿಟ್ಟು ಮತ್ತೆ ಬಂತು, ಅದೇ ಜಾಗದಿಂದ. ನೆಲವನ್ನು ಕಾಲಿನಿಂದ ಒತ್ತಿ ನೋಡುತ್ತ ನಡೆದೆ. ಜೌಗು ಸಿಕ್ಕಲ್ಲಿ ಸುತ್ತಿದೆ. ಎಷ್ಟು ಸುತ್ತಿದರೂ ಅವಳ ದನಿ ನೆಟ್ಟ ಕಂಬದಂತೆ ಇದ್ದಲ್ಲೇ ಇತ್ತು. ಕೊನೆಗೆ ಮಂಜಿನೊಳಗಿಂದ ಮೊದಲು ಅವಳ ಸೀರೆಯ ಅಂಚು ಕಂಡಿತು.

ಕೆಸರಾದ ನನ್ನ ಪಂಚೆಯನ್ನು ನೋಡಿ ಅವಳೆಂದಳು, “ಮೊದ್ಲು ಕರ್ದಾಗ್ಲೇ ಓ ಅನ್ಬಾರ್ದಿತ್ತಾ ಮಾರಾಯ್ರೆ?”

“ಜಪದಲ್ಲಿದ್ದೆ.”

“ಸರಿ. ಗಾಯತ್ರಿ ಕಾಪಾಡಿದ್ಲು ಅಂತ ಊರಲ್ಲಿ ಹೇಳ್ಕೊಂಡು ತಿರುಗ್ಬೇಡಿ ಮತ್ತೆ. ಕೂ ಹಾಕಿದ್ದು ನಾನು.”

ಚಾಲಕ ಟೋಪಿ ತೆಗೆದು ಅವಳಿಗೆ ತಲೆಬಾಗಿದ. ಮುಂದಿನ ಆಸನದಲ್ಲಿ ಕೂರಿಸಿದ. ನಾನು ಹಿಂದೆ ಕುಳಿತು ಅವಳ ಬೆನ್ನನ್ನೇ ನೋಡುತ್ತಿದ್ದೆ. ವೇದಪಾಠ ಮುಗಿಸಿ ಶಾಲು ಹೊದ್ದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ, ಕಾಪಾಡಿದ್ದು ಇವಳೇ ಎಂದು ಹೇಳಿದ್ದೇನೆ. ಗಾಯತ್ರೀದೇವಿಗೆ ಇದರಿಂದ ಬೇಸರವಾಗಿರಲಾರದು.

ದಾರಿ ತೋರಿದ ಆ ಚಾಲಕನ ಮನೆಮಂದಿ ತಣ್ಣಗಿರಲಿ. ಉಸಿರು ಬಿಗಿಹಿಡಿದು ಕಾದ ಸಹಪ್ರಯಾಣಿಕರ ಪ್ರಯಾಣಗಳೆಲ್ಲ ಸುಖವಾಗಿ ಮುಗಿಯಲಿ. ಕದಲದೆ ನಿಂತು ಕರೆದವಳು ದೀರ್ಘಸುಮಂಗಲಿಯಾಗಿ, ಕೊರಳು ಗಟ್ಟಿಯಾಗಿ, ನೂರ್ಕಾಲ ಬಾಳಲಿ.