ಧನುರ್ಮಾಸಕ್ಕೆ ಮುಂಚಿನ ಹಿಮ

ಅಗ್ಗ ಎಂದರೆ ನನಗೆ ಪ್ರಾಣ. ಚನ್ನರಾಯಪಟ್ಟಣದಲ್ಲಿ ನಾಲ್ಕು ತೆಂಗಿನಕಾಯಿ ಕೊಳ್ಳಬೇಕಾದರೂ ನಾಲ್ಕು ಅಂಗಡಿ ತಿರುಗದೆ ಚೀಲ ಬಿಚ್ಚುವವನಲ್ಲ. ಹಾಸನದ ನಮ್ಮ ಆಫೀಸಿನಲ್ಲಿ ಯಾರು ಪ್ರವಾಸ ಹೊರಟರೂ ಮೊದಲು ನನ್ನ ಮೇಜಿನ ಹತ್ತಿರ ಬರುತ್ತಾರೆ. ಯಾವ ವಾರ ವಿಮಾನದ ದರ ಇಳಿಯುತ್ತದೆ, ಯಾವ ಹೋಟೆಲಿನಲ್ಲಿ ಬೆಳಗಿನ ತಿಂಡಿ ಪುಕ್ಕಟೆ ಎಂದು ನಾನೇ ಹೇಳಬೇಕು. ಈ ಬುದ್ಧಿಯ ಬಗ್ಗೆ ನನಗೆ ಜಂಬವಿತ್ತು. ಹೋದ ಡಿಸೆಂಬರಿನವರೆಗೆ ಇತ್ತು.

ನನ್ನ ಅಣ್ಣ ಹೊಳೆನರಸೀಪುರದಲ್ಲಿ ದೇವಸ್ಥಾನದ ಅರ್ಚಕ. ಚಿಕ್ಕಂದಿನಲ್ಲಿ ಕೆರೆ ಏರಿಯಿಂದ ತೆಂಗಿನ ಮಟ್ಟೆಯ ಮೇಲೆ ಜಾರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾವೆಲ್ಲ ಕೂತು ಜಾರಿದರೆ ಅವನು ನಿಂತೇ ಜಾರುತ್ತಿದ್ದ. ಅವನಿಗೆ ಹದಿನಾಲ್ಕಾಗಿದ್ದಾಗ ಅಪ್ಪ ತೀರಿಕೊಂಡರು, ಪೂಜೆ ಅವನ ಹೆಗಲಿಗೆ ಬಿತ್ತು. ಆಮೇಲೆ ಅವನು ಏರಿಯ ಕಡೆ ಹೋಗಲಿಲ್ಲ. ಈಗ ಐವತ್ತೆಂಟು. ಒಂದು ದಿನ ನನ್ನ ಫೋನಿನಲ್ಲಿ ಯಾರೋ ಹಿಮದ ಮೇಲೆ ಸ್ಕೀ ಮಾಡುವುದನ್ನು ಬಹಳ ಹೊತ್ತು ನೋಡಿ, ಮಂಡಿ ಸೋಲುವುದಕ್ಕೆ ಮುಂಚೆ ಒಂದು ಸಲ ಹೀಗೆ ಜಾರಬೇಕು ಕಣೋ ಎಂದ. ಅಲ್ಲಿಯವರೆಗೆ ಅವನು ನನ್ನನ್ನು ಏನೂ ಕೇಳಿದವನಲ್ಲ.

ನಾನು ಹುಡುಕಲು ಕೂತೆ. ಹಿಮಾಚಲದ ಒಂದು ಊರಿನಲ್ಲಿ ಡಿಸೆಂಬರ್ ಮೊದಲ ವಾರಕ್ಕೆ ಎಲ್ಲ ಅರ್ಧ ದರ: ರೂಮು, ಸ್ಕೀ, ಬೂಟು, ಕಲಿಸುವವನು. ಸೀಸನ್ ಶುರುವಿನ ರಿಯಾಯಿತಿಯಂತೆ. ಅಣ್ಣನಿಗೂ ಆ ವಾರ ಒಪ್ಪಿತು. ಧನುರ್ಮಾಸ ಹುಟ್ಟಿದರೆ ತಿಂಗಳಿಡೀ ನಸುಕಿನ ಪೂಜೆ, ಹುಗ್ಗಿ ನೈವೇದ್ಯ. ಗುಡಿ ಬಿಟ್ಟು ಕದಲುವ ಹಾಗಿಲ್ಲ. ಅದಕ್ಕೆ ಮುಂಚೆ ಎಂಟು ದಿನ ಪೂಜೆ ನೋಡಿಕೊಳ್ಳಲು ರಾಮನಾಥಪುರದಿಂದ ಚಿಕ್ಕಪ್ಪನ ಮಗ ಬರುವುದೆಂದಾಯಿತು. ನಮ್ಮ ಪಂಚಾಂಗಕ್ಕೆ ಹಿಮವೂ ಹೊಂದಿಕೊಂಡು ನಡೆಯುತ್ತದೆ ಎಂದೇ ಇಬ್ಬರೂ ನಂಬಿದೆವು. ಹೊಳೆನರಸೀಪುರದಲ್ಲೇ ಹಲ್ಲು ಕಟಕಟ ಅನ್ನುವಾಗ ಹಿಮಾಲಯದಲ್ಲಿ ಹಿಮ ಇಲ್ಲದೆ ಹೋದೀತೆ?

ಹೊರಡಲು ನಾಲ್ಕು ದಿನ ಇರುವಾಗ ಆ ಊರಿನ ಟೂರಿನವನು ಫೋನ್ ಮಾಡಿದ. ಪ್ರಾಮಾಣಿಕ ಮನುಷ್ಯ. ಇಳಿಜಾರೆಲ್ಲ ಬರೀ ಮಣ್ಣು, ಹಿಮ ಇನ್ನೂ ಸರಿಯಾಗಿ ಬಿದ್ದಿಲ್ಲ, ಜನವರಿ ಕೊನೆಗೆ ಬನ್ನಿ, ನೀವು ಕಟ್ಟಿದ ದುಡ್ಡು ಎಲ್ಲಿಗೂ ಹೋಗುವುದಿಲ್ಲ ಎಂದ. ಸಂಕ್ರಾಂತಿ ಕಳೆದ ಮೇಲೆ ಹೋಗಬಹುದಿತ್ತು. ಕೇಳಿದ್ದರೆ ಚಿಕ್ಕಪ್ಪನ ಮಗ ಆಗಲೂ ಬರುತ್ತಿದ್ದ. ಆದರೆ ನಾನು ಕೊಂಡಿದ್ದ ಅಗ್ಗದ ವಿಮಾನದ ಟಿಕೆಟ್ಟು ವಾಪಸಾಗುವಂಥದ್ದಲ್ಲ. ಅದಕ್ಕಿಂತ ಹೆಚ್ಚಾಗಿ, ಅರ್ಧಕ್ಕೆ ಹೊಡೆದೆ ಎಂದು ಆಫೀಸಿನಲ್ಲೆಲ್ಲ ಡಂಗುರ ಸಾರಿದ್ದೆ. ಮೋಡ ಕಟ್ಟಿದರೆ ಒಂದೇ ರಾತ್ರಿಯಲ್ಲಿ ಬಿದ್ದೀತು ಎಂದುಕೊಂಡು, ಪರವಾಗಿಲ್ಲ ಬರುತ್ತೇವೆ ಎಂದುಬಿಟ್ಟೆ. ಅಣ್ಣನಿಗೆ ಹೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಬಸ್ಸಿಳಿದಾಗ ಎದುರಿನ ಗುಡ್ಡ, ಅರಕಲಗೂಡಿನ ಕಡೆ ಹೊಗೆಸೊಪ್ಪು ಕಿತ್ತಾದ ಮೇಲೆ ಹೊಲ ಇರುತ್ತದಲ್ಲ, ಹಾಗಿತ್ತು. ಜನರನ್ನು ಮೇಲಕ್ಕೆಳೆಯುವ ಯಂತ್ರಕ್ಕೆ ಟಾರ್ಪಾಲು ಹೊದಿಸಿದ್ದರು. ಒಂದು ಬಂಡೆಯ ನೆರಳಿನಲ್ಲಿ ಮಾತ್ರ ಚಾಪೆಯಷ್ಟಗಲ ಹಳೆಯ ಹಿಮ ಉಳಿದಿತ್ತು, ಪಕ್ಕದಲ್ಲಿ ಕುದುರೆ ಲದ್ದಿ. ಅಣ್ಣ ಆಗಲೇ ಟೂರಿನವನು ತಂದುಕೊಟ್ಟ ಬಾಡಿಗೆಯ ಕೋಟು, ಬೂಟು ಹಾಕಿಕೊಂಡು, ಹಣೆಯ ನಾಮ ಅಳಿಸದ ಹಾಗೆ ಟೋಪಿ ಸರಿಮಾಡಿಕೊಂಡು ಸಿದ್ಧನಾಗಿ ನಿಂತಿದ್ದ.

ನಾನು ಟೂರಿನವನ ಮೇಲೆ ಹರಿಹಾಯ್ದೆ. ಮೋಸ, ದಗಾ ಎಂದೆಲ್ಲ ಕೂಗಾಡಿದೆ. ಅವನು ತಾಳ್ಮೆಯಿಂದ ಹಿಂದಿಯಲ್ಲಿ, ಫೋನಿನಲ್ಲೇ ಹೇಳಿದ್ದೆನಲ್ಲ, ನೀವೇ ಪರವಾಗಿಲ್ಲ ಎಂದಿರಿ ಎಂದ. ಅಣ್ಣನಿಗೆ ಅಷ್ಟು ಹಿಂದಿ ಅರ್ಥವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗುಡಿಗೆ ಬರುವ ಉತ್ತರದ ಯಾತ್ರಿಕರಿಂದ ಕಲಿತಿದ್ದನಂತೆ. ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ಬೂಟಿನ ಪಟ್ಟಿ ಬಿಚ್ಚಿದ. ಬರಿಗಾಲಲ್ಲಿ ಆ ಬಂಡೆಯ ಹತ್ತಿರ ಹೋಗಿ, ಕೊಳೆ ಹಿಮವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

ಧನುರ್ಮಾಸದ ಮೊದಲ ಶನಿವಾರ ಬೆಳಿಗ್ಗೆ ಗುಡಿಯಲ್ಲಿ ತೀರ್ಥದ ಸಾಲಿನಲ್ಲಿ ನಿಂತಿದ್ದೆ. ಹಾಸನದಿಂದ ಬಂದಿದ್ದ ನಮ್ಮ ಆಫೀಸಿನ ಇಬ್ಬರು ನನ್ನ ಹಿಂದೆಯೇ ಇದ್ದರು. ಮುಂದಿದ್ದ ಹಳ್ಳಿಯ ಹೆಂಗಸೊಬ್ಬಳು ಕೈಯೊಡ್ಡಿಕೊಂಡು ಅಣ್ಣನನ್ನು ಕೇಳಿದಳು.

"ಐಸಿನ್ ಮ್ಯಾಲೆ ಜಾರಕ್ಕೆ ಓಗಿದ್ರಂತಲ್ಲ ಸೋಮಿ, ಜಾರುದ್ರಾ?"

ನಮ್ಮ ಕಡೆ ತೀರ್ಥ ಹಿಡಿದು ಸುಳ್ಳು ಹೇಳುವುದಿಲ್ಲ. ಅಣ್ಣತಮ್ಮಂದಿರ ಗದ್ದೆಯ ಬದುವಿನ ಜಗಳಗಳೇ ಆ ಗರ್ಭಗುಡಿಯ ಹೊಸ್ತಿಲಲ್ಲಿ, ತೀರ್ಥ ಮುಟ್ಟಿಸಿ ಆಣೆ ಹಾಕಿಸಿ ಬಗೆಹರಿದಿವೆ. ಮುಟ್ಟಿಸಿದವನು ನನ್ನ ಅಣ್ಣನೇ.

ಅವನು ತೀರ್ಥದ ಬಟ್ಟಲು ಹಿಡಿದುಕೊಂಡೇ ಹೇಳಿದ. "ಜಾರಿದೆ ಕಣಮ್ಮ. ಮಂಡಿಯುದ್ದ ಹಿಮ ಇತ್ತು. ನನ್ನ ತಮ್ಮ ಕರ್ಕೊಂಡು ಹೋಗಿದ್ದ."

ಹಿಂದಿದ್ದವರಲ್ಲಿ ಒಬ್ಬ, ಭೇಷ್ ಎನ್ನುವ ಹಾಗೆ ನನ್ನ ಬೆನ್ನು ತಟ್ಟಿದ. ಇಲ್ಲ, ಇದು ಸುಳ್ಳು, ತಪ್ಪು ನನ್ನದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ನನ್ನ ಸರದಿ ಬಂತು. ಅಣ್ಣ ನನ್ನ ಕಣ್ಣು ನೋಡದೆ ಅಂಗೈಗೆ ತೀರ್ಥ ಹಾಕಿದ. ನಾನು ಬಾಯಿ ತೆರೆದದ್ದು ಅದನ್ನು ಕುಡಿಯಲು ಮಾತ್ರ.